ಮೊದಲು ಹಿಕ್ಕಿ ನೋಡ್ರಿ, ಆಮೇಲೆ ಔಷಧಿ

1/6
ಈ ಫೋಟೋದಾಗ ಐದು ಮರಿ ಕಾಣ್ತಾವಲ್ಲ, ಹದಿನೈದು ದಿನದ ಹಿಂದ ಇವು ಹನ್ನೆರಡು ಇದ್ದವು. ಏಳು ಸತ್ತವು. ಆ ಏಳರಾಗ ನಾಲ್ಕು ನನ್ನ ತಪ್ಪಿನಿಂದ ಸತ್ತವು ಅಂತ ಈಗ ಗೊತ್ತಾಗೇತಿ. ಅದಕ್ಕ ಈ ಸಲ ರೀಲ್ ಇಲ್ಲ, ಹಾಡೂ ಇಲ್ಲ. ನಿಮ್ಮ ಮನಿ ಹಿತ್ತಲದಾಗೂ ಜವಾರಿ ಕೋಳಿ ಇದ್ರ ಕಡೀತನಕ ಓದ್ರಿ.

ನಮ್ಮ ಕೆರೂರಾಗ ಎಷ್ಟೋ ಮನ್ಯಾಗ ನಾಕ ಕೋಳಿ ಇರ್ತಾವು. ಅದನ್ನ ಯಾರೂ ಧಂದೆ ಅನ್ನೂದಿಲ್ಲ. ಆದ್ರ ಹೋದ ಸೆಮಿಸ್ಟರ್ ನನ್ನ ಪರೀಕ್ಷಾ ಫೀ ಕಟ್ಟಿದ್ದು ಅವ್ವ ಎರಡು ಹುಂಜ ಮಾರಿದ ರೊಕ್ಕದಿಂದ. ಈ ಹನ್ನೆರಡು ಮರಿ ಮ್ಯಾಲೂ ಆಕಿ ಹಂಗ ಏನೋ ಲೆಕ್ಕ ಇಟ್ಟಿದ್ಲು.

2/6
ಮರಿಗೆ ಒಂದು ತಿಂಗಳು ತುಂಬಿತ್ತು. ನಾಕ ದಿನ ಮಳಿ ಹಿಡೀತು. ಹೊರಗ ಬಿಡಾಕ ಆಗ್ಲಿಲ್ಲ ಅಂತ ನೀರಿನ ಬಟ್ಟಲಾನೂ ಗೂಡಿನ ಒಳಗ ಇಟ್ವಿ. ನೀರು ಚೆಲ್ಲಿ ನೆಲ ಎಲ್ಲಾ ಹಸಿ ಆತು. ಆಮೇಲೆ ಮರಿ ರೆಕ್ಕಿ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು ಒಂದಕ್ಕೊಂದು ಒತ್ತಿ ಕುಂಡ್ರಾಕ ಶುರು ಮಾಡಿದವು. ಕಾಳು ಹಾಕಿದ್ರ ಎದ್ದು ಬರ್ತಿರಲಿಲ್ಲ. ಎರಡು ದಿನದಾಗ ಮೂರು ಸತ್ತವು. ಹಿಕ್ಕಿಯೊಳಗ ರಕ್ತ ಇತ್ತು.

ನಾ ಏನ್ ಮಾಡಿದೆ? ಯಾವುದೋ ವಿಡಿಯೋ ನೋಡಿ, ಮನ್ಯಾಗ ಉಳಿದಿದ್ದ ನಮ್ಮ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಒಡದು ನೀರಾಗ ಕಲಿಸಿ ಮೂರು ದಿನ ಕುಡಿಸಿದೆ. ಆ ಮೂರು ದಿನದಾಗ ಇನ್ನೂ ನಾಲ್ಕು ಹೋದವು. ಅವ್ವ ಬೈಲಿಲ್ಲ. "ಮರಿ ಅಂದಮ್ಯಾಲೆ ಅರ್ಧ ಸಾಯೂವ, ಬಿಡು" ಅಂದ್ಲು. ಬೈದಿದ್ರ ಚಲೋ ಇರ್ತಿತ್ತು.

3/6
ದನದ ದವಾಖಾನಿಗೆ ಹೋದೆ. ಡಾಕ್ಟ್ರು ಕೇಳಿದ್ದು ಒಂದ ಮಾತು: "ಹಿಕ್ಕಿ ತಂದೀಯೇನು?" ತಂದಿರಲಿಲ್ಲ. ವಾಪಸ್ ಬಂದು, ಆಗಷ್ಟೇ ಹಾಕಿದ್ದನ್ನ ಒಂದು ಡಬ್ಬಿಯೊಳಗ ಒಯ್ದೆ. ಸೂಕ್ಷ್ಮದರ್ಶಕದಾಗ ನೋಡಿ ಹೇಳಿದ್ರು, ಕಾಕ್ಸಿಡಿಯೋಸಿಸ್. ನಾವು ರಕ್ತಭೇದಿ ಅಂತೀವಲ್ಲ, ಅದು.

ಇದನ್ನ ತರೂದು ಐಮೇರಿಯಾ ಅನ್ನೂ ಏಕಕೋಶ ಜೀವಿ. ಬ್ಯಾಕ್ಟೀರಿಯಾ ಅಲ್ಲ, ಕಣ್ಣಿಗೆ ಕಾಣೂ ಹುಳಾನೂ ಅಲ್ಲ. ಕರುಳಿನ ಒಳಗೋಡೆಯ ಜೀವಕೋಶದಾಗ ಹೊಕ್ಕು, ಬೆಳೆದು, ಅದನ್ನ ಒಡಕೊಂಡು ಹೊರಗ ಬರ್ತೈತಿ. ರಕ್ತ ಬರೂದು ಅದಕ್ಕ. ಮೂರರಿಂದ ಆರು ವಾರದ ಮರಿಗೆ ಇದರ ಕಾಟ ಹೆಚ್ಚು. ಹಿಕ್ಕಿಯೊಳಗ ಬಿದ್ದ ಇದರ ತತ್ತಿಯಂಥ ಕಣ ತಕ್ಷಣ ರೋಗ ತರೂದಿಲ್ಲ. ಹಸಿ ಮತ್ತು ಬೆಚ್ಚಗ ಇದ್ದಲ್ಲಿ ಒಂದೆರಡು ದಿನದಾಗ ಬಲೀತೈತಿ, ಆಮೇಲೆ ಕುಕ್ಕಿ ತಿಂದ ಮರಿ ಹೊಟ್ಟಿಗೆ ಹೋಗ್ತೈತಿ. ಅಂದ್ರ, ನಾ ಒಳಗಿಟ್ಟ ಆ ನೀರಿನ ಬಟ್ಟಲಾನ ಅದಕ್ಕ ದಾರಿ ಮಾಡಿಕೊಟ್ಟಿತ್ತು.

4/6
ಡಾಕ್ಟ್ರು ಬರೆದಿದ್ದು ಆ್ಯಂಪ್ರೋಲಿಯಂ ಪುಡಿ, ಕುಡಿಯೂ ನೀರಾಗ, ಐದು ದಿನ. ಪ್ರಮಾಣ ಅವರನ್ನ ಕೇಳ್ರಿ, ನನ್ನ ಪೋಸ್ಟ್ ನೋಡಿ ಹಾಕಬ್ಯಾಡ್ರಿ. "ಶಕ್ತಿಗೆ ಬಿ-ಕಾಂಪ್ಲೆಕ್ಸ್ ಹಾಕ್ಲೇನ್ರಿ ಸರ್?" ಅಂದೆ. ಬ್ಯಾಡ ಅಂದ್ರು. ಈ ಔಷಧಿ ಬಿ1 ವಿಟಮಿನ್ ಹಂಗ ವೇಷ ಹಾಕಿ ಆ ಜೀವಿಗೆ ನಿಜವಾದ ಬಿ1 ಸಿಗದಂಗ ಮಾಡ್ತೈತಿ. ನಾವು ಬಿ1 ಕೊಟ್ರ ಔಷಧಿ ಕೆಲಸ ಕೆಡ್ತೈತಿ. ವಿಟಮಿನ್ ಕೋರ್ಸ್ ಮುಗಿದ ಮ್ಯಾಲೆ.

ಗೂಡಿನ ಹಸಿ ಮಣ್ಣು ಕೆರೆದು ತೆಗೆದ್ವಿ, ಬಿಸಿಲಿಗೆ ಒಣಗಿಸಿದ್ವಿ, ಒಣ ಶೇಂಗಾ ಹೊಟ್ಟು ಹಾಸಿದ್ವಿ. ಫಿನಾಯಿಲ್ ಹಾಕಿದ್ರ ಸಾಕು ಅನ್ಕೋಬ್ಯಾಡ್ರಿ, ಸಾಮಾನ್ಯ ಸೋಂಕುನಾಶಕಕ್ಕ ಆ ಕಣ ಸಾಯೂದಿಲ್ಲ. ಒಣ ನೆಲ ಮತ್ತು ದಿನಾ ಹಿಕ್ಕಿ ಬಳಿಯೂದು, ಇವೆರಡ ದೊಡ್ಡ ಔಷಧಿ. ಅದು ಬಲಿಯೋಕ ಮೊದಲ ನೀವು ಬಳಿದು ಹೊರಗ ಹಾಕಿರ್ತೀರಿ.

5/6 (ಇದನ್ನ ಸೇವ್ ಮಾಡ್ಕೋರಿ)
ಹಿಕ್ಕಿ ಓದೂದು ಹೆಂಗ:

• ಕಂದು ಬಣ್ಣ, ತುದಿಗೆ ಬಿಳಿ ಟೊಪಗಿ: ಆರಾಮ ಐತಿ. ಆ ಬಿಳಿ ಅಂದ್ರ ಕೋಳಿ ಮೂತ್ರ.
• ನಡುನಡುವ ಒಂದೊಂದು ಸಲ ಕಾಕಂಬಿ ಹಂಗ ಅಂಟಂಟು, ಗಬ್ಬು ವಾಸನಿ: ಇದೂ ಸಹಜ. ಗಾಬರಿ ಆಗಬ್ಯಾಡ್ರಿ.
• ರಕ್ತ, ಮರಿ ಮಂಕು: ಅವತ್ತ ದವಾಖಾನಿ. ನಾಳೆ ಅನ್ನಬ್ಯಾಡ್ರಿ.
• ಶ್ಯಾವಿಗಿ ಎಳಿಯಂಥ ಬಿಳಿ ಹುಳ: ದುಂಡು ಜಂತು. ಕೋಳಿ ತಿಂತೈತಿ ಆದ್ರ ಎದಿ ಎಲುಬು ಚೂರಿ ಹಂಗ ಕೈಗೆ ಹತ್ತತೈತಿ, ಜುಟ್ಟು ಬಿಳಚತೈತಿ, ತತ್ತಿ ಕಡಿಮಿ ಆಗ್ತಾವು. ಇದಕ್ಕ ಪೈಪರಜೀನ್ ಕೊಡ್ತಾರ.
• ಅಕ್ಕಿ ಕಾಳಿನಂಥ ಚೂರು: ಲಾಡಿಹುಳ. ಇರುವಿ, ದುಂಬಿ, ನೊಣ ತಿಂದು ಬರೂವಂಥದ್ದು. ಪೈಪರಜೀನ್ ಇದಕ್ಕ ನಡೆಯೂದಿಲ್ಲ, ಔಷಧಿ ಬ್ಯಾರೆ.
• ಹಸಿರು ಭೇದಿ, ಬಾಯಿ ತೆರೆದು ಉಸಿರು, ಕುತ್ತಿಗಿ ತಿರುಚೂದು: ಕೊಕ್ಕರೆ ರೋಗ ಇರಬಹುದು. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಿನ ಮ್ಯಾಲೆ ರಾಣಿಖೇತ್ ಅಂತೂ ಅಂತಾರ. ಬಂದ ಮ್ಯಾಲೆ ಔಷಧಿ ಇಲ್ಲ, ಮೊದಲ ಲಸಿಕಿ ಹಾಕಿಸಬೇಕು.

ಒಮ್ಮೆಲೆ ಬಾಳ ಕೋಳಿ ಸತ್ರ ಮುಟ್ಟಬ್ಯಾಡ್ರಿ, ಮಾರಬ್ಯಾಡ್ರಿ, ದವಾಖಾನಿಗೆ ತಿಳಿಸ್ರಿ. ಪಶು ಚಿಕಿತ್ಸೆಗೆ 1962 ಟೋಲ್ ಫ್ರೀ ನಂಬರ್ ಐತಿ. ಔಷಧಿ ಕೊಟ್ಟ ಕೋಳಿ ತತ್ತಿ ಎಷ್ಟು ದಿನ ತಿನ್ನಬಾರದು ಅನ್ನೂದನ್ನ ಕೇಳೇ ಬರ್ರಿ.

6/6
ಬಿಕಾಂ ಮಂದಿಗೆ ಒಂದು ಮಾತು. ಪ್ರೊಸೆಸ್ ಕಾಸ್ಟಿಂಗ್‌ದಾಗ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಓದೀವಲ್ಲ? ನಾರ್ಮಲ್ ಲಾಸ್ ಅಂದ್ರ ಆಗೇ ಆಗೂವಂಥದ್ದು, ಉಳಿದ ಮಾಲಿನ ಮ್ಯಾಲೆ ಅದರ ಖರ್ಚು ಹಾಕಿ ಸುಮ್ಮನಾಗ್ತೀವಿ. ಅಬ್‌ನಾರ್ಮಲ್ ಲಾಸ್‌ಗೆ ಬ್ಯಾರೆ ಅಕೌಂಟ್ ತೆಗೀಬೇಕು, ಯಾಕಾತು ಅಂತ ಕೇಳಬೇಕು.

"ಅರ್ಧ ಸಾಯೂವ, ಬಿಡು" ಅಂತ ಅವ್ವ ಎಷ್ಟೋ ವರ್ಷದಿಂದ ನಾರ್ಮಲ್ ಲಾಸ್ ಬರಕೋತ ಬಂದಾಳ. ಯಾಕಂದ್ರ ಯಾರೂ ಆಕಿಗೆ ಬ್ಯಾರೆ ಹೇಳಿಲ್ಲ. ಓದಿದ ನಾನೂ ಕೇಳಲಿಲ್ಲ, ವಿಡಿಯೋ ನೋಡಿದೆ.

ಈಗ ದಿನಾ ಮುಂಜಾನೆ ಗೂಡು ಬಳಿಯೂ ಪಾಳಿ ನಂದು. ನಿನ್ನೆ ಅವ್ವ ಬಂದು ನಿಂತು, ಹಿಕ್ಕಿ ಕಡೆ ಬೊಟ್ಟು ಮಾಡಿ ಕೇಳಿದ್ಲು: "ಟೊಪಗಿ ಐತೇನು?"

ಐತಿ ಅವ್ವಾ. ಐದಕ್ಕೂ ಐತಿ.

ನಿಮ್ಮ ಮನ್ಯಾಗ ಮರಿ ಸತ್ರ ಏನಂತಾರ? ಕಮೆಂಟ್ ಮಾಡ್ರಿ. ಕೋಳಿ ಸಾಕಿದ ಗೆಳೆಯರಿಗೆ ಕಳಸ್ರಿ.

#ಕೆರೂರ #ಬಾದಾಮಿ #ಬಾಗಲಕೋಟೆ #ಜವಾರಿಕೋಳಿ #ಬಿಕಾಂಹುಡುಗರು