ಶಾಲೆಯ ಬಾಗಿಲೂ ಮುಖದ ಗುರುತೂ

ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘದ ಕಳೆದ ಸಭೆಯಲ್ಲಿ ಒಂದು ಸೂಚನೆ ಬಂದಿತು. ಶಾಲೆಯ ಹೆಬ್ಬಾಗಿಲಿನಲ್ಲಿಯೂ ಬೋರ್ಡಿಂಗಿನ ಬಾಗಿಲಿನಲ್ಲಿಯೂ, ಮುಖವನ್ನು ನೋಡಿ ಗುರುತು ಹಿಡಿಯುವ ಯಂತ್ರವನ್ನು ಸಂಘದ ಕಾಣಿಕೆಯಾಗಿ ಇರಿಸಬೇಕೆಂಬುದೇ ಆ ಸೂಚನೆ. ಹಿರಿಯಳೆಂಬ ಕಾರಣದಿಂದ ನನ್ನ ಅಭಿಪ್ರಾಯವನ್ನೂ ಕೇಳಿದರು. ಆಗ ನನ್ನಿಂದ ಉತ್ತರ ಹೊರಡಲಿಲ್ಲ. ಮನೆಗೆ ಬಂದು ಯೋಚಿಸಿ ಕಂಡುಕೊಂಡುದನ್ನು ಸೋದರಿಯರ ಮತ್ತು ತಂದೆತಾಯಿಗಳ ಮುಂದೆ ಇಲ್ಲಿ ಇಡುತ್ತೇನೆ.

ಸೂಚನೆಯನ್ನು ತಂದವರ ಕಾಳಜಿ ಸಹಜವಾದುದೇ. ಕೋಲಾರದ ಸುತ್ತಲಿಂದ ಮಾತ್ರವೇ ಅಲ್ಲದೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗಳಿಂದಲೂ ಹೆಣ್ಣುಮಕ್ಕಳನ್ನು ನಂಬಿ ಕಳುಹಿಸಿರುವ ತಂದೆತಾಯಿಗಳಿಗೆ, ಬಾಗಿಲಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ತಿಳಿದಿರಬೇಕಾದದ್ದು ನ್ಯಾಯ. ಈ ಯಂತ್ರವಾದರೂ ಈಗ ಅಪೂರ್ವವಾದ ವಸ್ತುವಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ನೆಯ ಡಿಸೆಂಬರ್ 1ರಿಂದ ‘ಡಿಜಿಯಾತ್ರಾ’ ಎಂಬ ಹೆಸರಿನಿಂದ ಅದು ನಡೆಯುತ್ತಿದೆ. ಒಪ್ಪಿದ ಪ್ರಯಾಣಿಕರು ಕಾಗದ ತೋರಿಸದೆ ಮುಖ ತೋರಿಸಿ ಒಳಗೆ ಹೋಗುತ್ತಾರೆ. ಒಪ್ಪದವರಿಗೆ ಹಳೆಯ ದಾರಿಯೂ ಉಂಟು. ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಅದು ಹಾಜರಿಯನ್ನೂ ಬರೆಯುತ್ತದೆ. 2025ರಲ್ಲಿ ನಮ್ಮ ರಾಜ್ಯ ಸರ್ಕಾರವು ಶಾಲೆಗಳಲ್ಲಿ ಹೀಗೆಯೇ ಹಾಜರಿ ಹಿಡಿಯುವ ಯೋಜನೆಯನ್ನು ಪ್ರಕಟಿಸಿದಾಗ, ಮಕ್ಕಳ ಮುಖಚಿತ್ರಗಳು ಯಾರ ಕೈಗೆ ಹೋಗುವುವೆಂಬ ಪ್ರಶ್ನೆಯೂ ಎದ್ದಿತು.

ಈ ಯಂತ್ರವು ನಾವು ಮುಖ ನೋಡುವಂತೆ ನೋಡುವುದಿಲ್ಲ. ಅದು ಮುಖದ ಚಿತ್ರವನ್ನು ಕೆಲವು ನೂರು ಅಂಕಿಗಳ ಒಂದು ಸಾಲನ್ನಾಗಿ ಮಾಡಿ, ಮೊದಲೇ ಕೂಡಿಟ್ಟುಕೊಂಡಿರುವ ಸಾಲುಗಳೊಡನೆ ಹೋಲಿಸುತ್ತದೆ. ಹೋಲಿಕೆಯು ಗೊತ್ತುಮಾಡಿದ ಮಟ್ಟವನ್ನು ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಆ ಮಟ್ಟವನ್ನು ಮೇಲಕ್ಕೆ ಏರಿಸಿದರೆ ಮನೆಯವರೇ ಹೊರಗುಳಿಯುವುದುಂಟು. ಕೆಳಕ್ಕೆ ಇಳಿಸಿದರೆ ಹೊರಗಿನವರು ಒಳಗೆ ಬರುವುದುಂಟು. ಎಷ್ಟರಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸಬೇಕು. ಮೋಸವೂ ಅಸಾಧ್ಯವಲ್ಲ. ಕಣ್ಣು ಮಬ್ಬಾದ ಇಸಾಕನು ಮಗನ ಧ್ವನಿಯನ್ನು ಕೇಳಿ ಸಂದೇಹಪಟ್ಟರೂ, ಕೈಗೆ ಸುತ್ತಿದ್ದ ಆಡಿನ ಮರಿಗಳ ಚರ್ಮವನ್ನು ಮುಟ್ಟಿ ಯಾಕೋಬನನ್ನೇ ಏಸಾವನೆಂದು ನಂಬಿದ ಕಥೆಯನ್ನು ನಾವೆಲ್ಲರೂ ಭಾನುವಾರದ ತರಗತಿಯಲ್ಲಿ ಕಲಿತಿದ್ದೇವಷ್ಟೆ. ಹಾಗೆಯೇ ಒಂದು ಭಾವಚಿತ್ರವನ್ನು ಹಿಡಿದು ಯಂತ್ರವನ್ನು ವಂಚಿಸಿದ್ದುಂಟು. ಅದಕ್ಕಾಗಿಯೇ ಈಚಿನ ಯಂತ್ರಗಳು ಎದುರಿಗಿರುವುದು ಜೀವಂತ ಮುಖವೇ ಎಂದು ಪರೀಕ್ಷಿಸಲು ಯತ್ನಿಸುತ್ತವೆ.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಇಂತಹ 189 ಗಣನಕ್ರಮಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಅವುಗಳಲ್ಲಿ ಬಹುಪಾಲಿನವು ಒಬ್ಬರನ್ನು ಮತ್ತೊಬ್ಬರೆಂದು ತಪ್ಪಾಗಿ ಭಾವಿಸುವುದು ಗಂಡಸರಿಗಿಂತ ಹೆಂಗಸರಲ್ಲಿಯೂ, ನಡುವಯಸ್ಸಿನವರಿಗಿಂತ ಮಕ್ಕಳಲ್ಲಿಯೂ ಮುದುಕರಲ್ಲಿಯೂ ಹೆಚ್ಚಾಗಿ ಕಂಡುಬಂದಿತು. ಆ ಬಳಿಕ ಯಂತ್ರಗಳು ಬಹಳ ಸುಧಾರಿಸಿವೆ. ಆದರೂ ಹೆಣ್ಣುಮಕ್ಕಳ ಶಾಲೆಯೊಂದು ಯಂತ್ರವನ್ನು ಕೊಳ್ಳುವಾಗ ಈ ಮಾತನ್ನು ಕೇಳದೆ ಬಿಡಕೂಡದು.

ಯಂತ್ರವು ಗುರುತು ಹಿಡಿಯದೆ ಹೋದರೆ ಏನಾಗುವುದೆಂಬುದನ್ನು ನನ್ನ ತಂಗಿಯ ಮಗಳಿಂದ ತಿಳಿದುಕೊಂಡೆನು. ಅವಳು ನಮ್ಮ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಹೋದ ವರ್ಷ ವಾಯುವಿನಿಂದ ಅವಳ ಮುಖದ ಒಂದು ಪಾರ್ಶ್ವ ಸೊಟ್ಟಗಾಯಿತು. ಕಣ್ಣು ಮುಚ್ಚುತ್ತಿರಲಿಲ್ಲ, ತುಟಿ ಒಂದು ಕಡೆಗೆ ಎಳೆದಿತ್ತು. ವೈದ್ಯರು ಕೆಲವು ವಾರಗಳಲ್ಲಿ ಸರಿಹೋಗುವುದೆಂದು ಧೈರ್ಯ ಹೇಳಿದ ಮೇಲೆ ಕೆಲಸಕ್ಕೆ ಹೋದಳು. ಬಾಗಿಲ ಯಂತ್ರವು ಅವಳನ್ನು ಒಪ್ಪಲಿಲ್ಲ. ಅಲ್ಲಿದ್ದ ಕಾವಲುಗಾರನು ಅವಳನ್ನು ಮೂರು ವರ್ಷಗಳಿಂದ ಬಲ್ಲವನು. “ನೀನೇ ಎಂಬುದು ನನಗೆ ಗೊತ್ತು ಕಣಮ್ಮಾ, ಆದರೆ ತೆರೆಯುವ ಅಧಿಕಾರ ನನಗಿಲ್ಲ” ಎಂದನಂತೆ. ಮೇಲಿನವರು ಬಂದು ಹೊಸ ಚಿತ್ರ ತೆಗೆಸುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗಿತ್ತು. ಕೂಲಿಗಿಂತಲೂ, ಸೊಟ್ಟಗಾದ ಮುಖವನ್ನು ಹೊತ್ತು ಎಲ್ಲರ ಎದುರಿಗೆ ಅಷ್ಟು ಹೊತ್ತು ನಿಂತಿರಬೇಕಾಯಿತಲ್ಲಾ ಎಂಬುದೇ ಅವಳಿಗೆ ದುಃಖವಾಗಿತ್ತು.

ಅವಳು ಇದನ್ನು ಹೇಳುತ್ತಿರುವಾಗ ನನಗೆ ನಮ್ಮ ಬೋರ್ಡಿಂಗಿನ ಬಾಗಿಲು ನೆನಪಿಗೆ ಬಂದಿತು. 1968ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆನು. ಬಾಗಿಲನ್ನು ಕಾಯುತ್ತಿದ್ದ ಅಜ್ಜನಿಗೆ ಓದು ಬರಹ ಬಾರದು; ಆದರೆ ಪ್ರತಿಯೊಬ್ಬ ಹುಡುಗಿಯ ಊರು, ಅವಳನ್ನು ನೋಡಲು ಬರುವವರ ಮುಖ, ಎಲ್ಲವೂ ಅವನಿಗೆ ಬಾಯಿಪಾಠವಾಗಿದ್ದುವು. ನನ್ನ ಪಕ್ಕದ ಹಾಸಿಗೆಯ ಗೆಳತಿಯನ್ನು ಅವಳ ಸೋದರಮಾವನು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದನು. ಸಂದರ್ಶಕರ ಪುಸ್ತಕದಲ್ಲಿ ಅವನ ಹೆಸರೂ ಇತ್ತು, ತಂದೆಯ ಒಪ್ಪಿಗೆಯ ರುಜುವೂ ಇತ್ತು. ಒಂದು ಶನಿವಾರ ಸಂಜೆ ಅವನು ಬಂದು, ಅಜ್ಜಿಗೆ ಕಾಯಿಲೆಯೆಂದು ಹೇಳಿ, ಹುಡುಗಿಯನ್ನು ಕರೆದುಕೊಂಡು ಹೊರಟನು. ಕಾವಲಿನ ಅಜ್ಜನು ಬಾಗಿಲನ್ನು ತೆರೆಯಲು ಕೈ ನೀಡಿದವನು ಹುಡುಗಿಯ ಮುಖವನ್ನು ನೋಡಿ ತಡೆದನು. “ಹೋಗ್ತೀಯೇನಮ್ಮಾ?” ಎಂದು ಕೇಳಿದನು. ಅವಳು ಮಾತನಾಡಲಿಲ್ಲ, ಕಣ್ಣಿನಲ್ಲಿ ನೀರು ತುಂಬಿತು. ಅವನು ಬಾಗಿಲಿಗೆ ಅಗಳಿ ಹಾಕಿ ಮೇಟ್ರನ್ನಮ್ಮನವರಿಗೆ ಹೇಳಿಕಳುಹಿಸಿದನು.

ನಿಜಾಂಶವು ಆ ರಾತ್ರಿಯೇ ಹೊರಬಿದ್ದಿತು. ಸೋಮವಾರ ಆ ಮಾವನಿಗೇ ಅವಳನ್ನು ಕೊಟ್ಟು ಮದುವೆಮಾಡುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಅವಳಿಗೆ ಆಗ ಹದಿನಾಲ್ಕು ವರ್ಷ. ಮೇಟ್ರನ್ನಮ್ಮನವರೂ ಮುಖ್ಯೋಪಾಧ್ಯಾಯಿನಿಯವರೂ ತಂದೆಯನ್ನು ಕರೆಯಿಸಿ ಎರಡು ದಿನ ಮಾತನಾಡಿದರು. ಗೆಳತಿಯು ಹತ್ತನೆಯ ತರಗತಿಯನ್ನು ಮುಗಿಸಿದಳು. ಮುಂದೆ ದಾದಿಯ ಶಿಕ್ಷಣ ಪಡೆದು ತನ್ನ ಕಾಲಮೇಲೆ ತಾನು ನಿಂತಳು. ಮುಖ ನೋಡುವ ಯಂತ್ರವೊಂದೇ ಅಂದು ಬಾಗಿಲಿನಲ್ಲಿದ್ದಿದ್ದರೆ? ಮಾವನ ಮುಖ ಪಟ್ಟಿಯಲ್ಲಿತ್ತು. ಹುಡುಗಿಯ ಮುಖವೂ ಇತ್ತು. ಯಂತ್ರವು ಯಾವ ತಪ್ಪನ್ನೂ ಮಾಡದೆ ಬಾಗಿಲನ್ನು ತೆರೆಯುತ್ತಿತ್ತು.

ಒಪ್ಪಿಗೆಯ ವಿಷಯವೂ ಒಂದುಂಟು. ನಮ್ಮ ನೆರೆಯ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕೆಲಸಗಾರರ ಬೆರಳಚ್ಚನ್ನು ತೆಗೆದು ನೋಂದಣಿ ಮಾಡಲು ಹೊರಟಾಗ ಅವರು ಮುಷ್ಕರ ಹೂಡಿದರು. ಬೆರಳಚ್ಚು ಕಳ್ಳರಿಂದ ತೆಗೆದುಕೊಳ್ಳತಕ್ಕದ್ದು ಎಂಬ ಭಾವನೆ ಆ ಕಾಲದ ಜನರಲ್ಲಿ ಬಲವಾಗಿತ್ತು. ದೊಡ್ಡವರು ಹಾಗೆ ಬೇಡವೆನ್ನಬಲ್ಲರು. ಶಾಲೆಯ ಹುಡುಗಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಫ್ರಾನ್ಸ್ ದೇಶದ ನೀಸ್ ಮತ್ತು ಮಾರ್ಸೇಲ್ ಪಟ್ಟಣಗಳ ಎರಡು ಪ್ರೌಢಶಾಲೆಗಳ ಬಾಗಿಲಿಗೆ ಇಂತಹುದೇ ಯಂತ್ರಗಳನ್ನು ಇಡಲು ತೀರ್ಮಾನವಾಗಿತ್ತು. 2020ನೆಯ ಫೆಬ್ರವರಿಯಲ್ಲಿ ಮಾರ್ಸೇಲಿನ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಶಾಲೆಯ ಅಧಿಕಾರದ ಕೆಳಗಿರುವ ಮಕ್ಕಳ ಒಪ್ಪಿಗೆಯನ್ನು ಸ್ವತಂತ್ರವಾದ ಒಪ್ಪಿಗೆಯೆನ್ನಲಾಗದೆಂಬುದು ಅದರ ಒಂದು ಕಾರಣ. ನಮ್ಮ ದೇಶದಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ಕಾಯಿದೆಯು, ಹದಿನೆಂಟು ವರ್ಷ ತುಂಬದವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂಬುದನ್ನು ಸಾಮಾನ್ಯ ನಿಯಮವನ್ನಾಗಿ ಮಾಡಿದೆ. 2025ರ ನಿಯಮಾವಳಿಯಲ್ಲಿ ಶಾಲೆಗಳಿಗೆ ಮಕ್ಕಳ ಸುರಕ್ಷತೆಗಾಗಿ ಕೆಲವು ವಿನಾಯಿತಿಗಳಿವೆ. ವಿನಾಯಿತಿ ಇದ್ದರೂ ಕೇಳಿ ಮಾಡುವುದೇ ನಮಗೆ ಮರ್ಯಾದೆ. ಬೀಗದ ಕೈ ಕಳೆದರೆ ಬೀಗವನ್ನು ಬದಲಾಯಿಸಬಹುದು. ಮುಖದ ಲೆಕ್ಕ ಕಳ್ಳರ ಕೈಗೆ ಸೇರಿದರೆ ಹುಡುಗಿಯು ಮುಖವನ್ನು ಬದಲಾಯಿಸಲಾರಳು.

ಆದಕಾರಣ ನನ್ನ ಉತ್ತರ ಇದು. ರಾತ್ರಿಯ ಹೊತ್ತು ಹೆಬ್ಬಾಗಿಲಿನಲ್ಲಿ ಅಪರಿಚಿತರನ್ನು ತಡೆಯಲು ಯಂತ್ರವು ಬೇಕೆನಿಸಿದರೆ, ಅದು ಸಿಬ್ಬಂದಿಯವರಲ್ಲಿ ಒಪ್ಪಿದವರ ಮುಖಗಳಿಗೆ ಮಾತ್ರ ಇರಲಿ. ಮಕ್ಕಳ ಮುಖಗಳನ್ನು ಅದರಲ್ಲಿ ಕೂಡಿಡುವುದು ಬೇಡ. ಒಬ್ಬರು ಶಾಲೆಯನ್ನು ಬಿಟ್ಟ ದಿನವೇ ಅವರ ಲೆಕ್ಕವನ್ನು ಅಳಿಸಲಿ. ಯಂತ್ರವು ಬೇಡವೆಂದರೂ ಬಾಗಿಲನ್ನು ತೆರೆಯುವ, ಯಂತ್ರವು ಸರಿಯೆಂದರೂ ಬಾಗಿಲನ್ನು ತಡೆಯುವ ಅಧಿಕಾರವುಳ್ಳ ಒಬ್ಬ ಮನುಷ್ಯರು ಅಲ್ಲಿ ಯಾವಾಗಲೂ ಇರಲಿ. ಸಂಘದ ಹಣ ಎರಡಕ್ಕೂ ಸಾಲದೆ ಹೋದರೆ, ಆ ಮನುಷ್ಯರ ಸಂಬಳಕ್ಕೆ ಮೊದಲು ಕೊಡೋಣ.

ನನ್ನ ಗೆಳತಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಈ ಲೇಖನ ಬರೆಯುವೆನೆಂದು ತಿಳಿಸಿದಾಗ, ಹೆಸರು ಬೇಡ, ಕಥೆಯನ್ನು ಮಾತ್ರ ಬರೆ ಎಂದು ಅಪ್ಪಣೆ ಕೊಟ್ಟಳು. ಕಾವಲಿನ ಅಜ್ಜನು ತೀರಿಹೋಗಿ ಬಹುಕಾಲವಾಯಿತು. ಅವನ ಭಾವಚಿತ್ರ ನಮ್ಮಲ್ಲಿ ಒಬ್ಬರ ಬಳಿಯೂ ಇಲ್ಲ. ಆದರೆ ಅವನ ಮುಖ ನಮ್ಮಿಬ್ಬರಿಗೂ ಇಂದಿಗೂ ಚೆನ್ನಾಗಿ ನೆನಪಿದೆ.