ಬರಣಿ ತುಂಬ ರಂಜಕ

ಎಳ್ಳಮಾಸಿ ಕಳೆದು ಸಂಕ್ರಾಂತಿ ಹತ್ತಿರ ಬಂತೆಂದರೆ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಕೆಂಪು ಏರತೊಡಗುತ್ತದೆ. ಗಿಡದ ಮೇಲೇ ಹಣ್ಣಾದ, ಇನ್ನೂ ಒಣಗದ ಮೆಣಸಿನಕಾಯಿ ಬುಟ್ಟಿಗಟ್ಟಲೆ ಬಂದು ಕೂರುವ ಕಾಲ ಅದು. ಹಸಿರು ಕಾಯಿ ವರ್ಷವಿಡೀ ಸಿಗುತ್ತದೆ, ಒಣಗಿದ್ದೂ ಸಿಗುತ್ತದೆ. ಇವೆರಡರ ನಡುವಿನ ಈ ಹಣ್ಣುಗಾಯಿ ಮಾತ್ರ ಚಳಿಗಾಲದಲ್ಲಿ ಬಂದು ಬಿಸಿಲು ಬಲಿಯುವುದರೊಳಗೆ ಹೋಗಿಬಿಡುತ್ತದೆ. ಅದನ್ನು ಕಂಡ ಕೂಡಲೇ ನಮ್ಮ ಕಡೆಯ ಹೆಣ್ಣುಮಕ್ಕಳು ಬಳ್ಳೊಳ್ಳಿ ಎಷ್ಟು, ಲಿಂಬಿಹಣ್ಣು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ರಂಜಕ ಅರೆಯುವ ಹೊತ್ತು ಬಂದಿದೆ.

ರಂಜಕವೆಂದರೆ ಹಣ್ಣು ಮೆಣಸಿನಕಾಯಿಯ ಹಸಿಖಾರ. ಧಾರವಾಡದಿಂದ ಕಲಬುರಗಿಯವರೆಗೆ ಊರೂರಿಗೆ, ಮನೆಮನೆಗೆ ಅದರ ಹದ ಬೇರೆ. ಕೆಲವರು ಬೆಲ್ಲದ ಚೂರು ಹಾಕುತ್ತಾರೆ, ಕೆಲವರು ಬಳ್ಳೊಳ್ಳಿ ಮುಟ್ಟುವುದಿಲ್ಲ. ಉಪ್ಪು, ಹುಳಿ, ಖಾರ ಈ ಮೂರರ ಜೋಡಿ ಮಾತ್ರ ಎಲ್ಲರಲ್ಲೂ ಒಂದೇ.

ನಾನು ಕಲಿತದ್ದು ಕಮಲಾಪುರದ ಸೋದರತ್ತೆಯ ಮನೆಯಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಸುತ್ತಲಿನ ಕಪ್ಪು ಎರೆಭೂಮಿಯ ನಡುವೆ ಅಲ್ಲಿ ಕೆಂಪು ಮಣ್ಣು. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆ ಬೆಳೆಯುವ ಊರದು. ಅತ್ತೆಯ ಹಿತ್ತಲಲ್ಲಿ ಆ ಬಾಳೆಯ ಬದಿಗೆ ಮೆಣಸಿನ ಗಿಡಗಳಿರುತ್ತಿದ್ದವು. ಸಾಲದ್ದನ್ನು ಸಂತೆಯಿಂದ ತರುತ್ತಿದ್ದರು. ಬಣ್ಣಕ್ಕೆ ಬ್ಯಾಡಗಿ ಜಾತಿಯದು, ಉರಿಗೆ ಗುಂಟೂರು ಜಾತಿಯದು, ಎರಡನ್ನೂ ಕೂಡಿಸಬೇಕೆಂಬುದು ಅವರ ಕಟ್ಟಳೆ.

“ಮೊದ್ಲ ತೊಳಿಯವ್ವ, ಆಮ್ಯಾಲ ತೊಟ್ಟ ತಗಿ. ತೊಟ್ಟ ತಗದು ತೊಳದ್ರ ಒಳಗ ನೀರ ಹೋಗ್ತದ. ನೀರ ಹೋದ ಖಾರ ಬಾಳಿಕಿ ಬರಂಗಿಲ್ಲ” ಎನ್ನುತ್ತಿದ್ದರು. ತೊಳೆದ ಕಾಯನ್ನು ಅರಿವೆಯ ಮೇಲೆ ಹರಡಿ ನೆರಳಲ್ಲಿ ಇರುಳಿಡೀ ಆರಿಸುವುದು, ಮರುದಿನ ಮತ್ತೊಮ್ಮೆ ಒರೆಸಿ ತೊಟ್ಟು ಬಿಡಿಸುವುದು. ಆಮೇಲೆ ಕೈಗೆ ಕುಸುಬಿ ಎಣ್ಣೆ ಸವರಿಕೊಂಡು ಒಳ್ಳಿನ ಮುಂದೆ ಕೂರುವುದು. ಒಂದು ಕಿಲೋ ಕಾಯಿಗೆ ಕಾಲು ಕಿಲೋಕ್ಕಿಂತ ತುಸು ಕಡಿಮೆ ಹರಳುಪ್ಪು. ತರಿತರಿಯಾಗಿ ಅರೆದು ಬರಣಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ಇಟ್ಟುಬಿಟ್ಟರೆ ಮೂರು ದಿನ ಯಾರೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಬರಣಿ ಬಿಚ್ಚಿದಾಗ ಹಸಿ ಘಾಟು ಅಡಗಿ ಹುಳಿಯಾದ ಒಂದು ಹೊಸ ವಾಸನೆ ಎದ್ದಿರುತ್ತದೆ. ಆಗ ಬಳ್ಳೊಳ್ಳಿ, ಹುರಿದ ಮೆಂತ್ಯೆಯ ಪುಡಿ, ಇಂಗು ಸೇರಿಸಿ ಇನ್ನೊಮ್ಮೆ ನುಣ್ಣಗೆ ಅರೆದು ಹತ್ತು ಲಿಂಬಿಹಣ್ಣಿನ ರಸ ಹಿಂಡುತ್ತಿದ್ದರು. ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ ಸಿಕ್ಕರೆ ರಸಕ್ಕೆ ಕೊರತೆಯಿಲ್ಲ. ಮೇಲೊಂದು ಪದರ ಉಪ್ಪು ಹರಡಿದರೆ ಕೆಲಸ ಮುಗಿಯಿತು. ಬೇಕಾದಾಗ ಒಣ ಚಮಚೆಯಲ್ಲಿ ತುಸು ತೆಗೆದು, ಜೀರಿಗೆಯ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿಗೆ ಬೆಣ್ಣೆಯೊಡನೆ ಹಚ್ಚಿಕೊಳ್ಳುವುದು.

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರ ಒಂದೊಂದು ಕಟ್ಟಳೆಗೂ ವಿಜ್ಞಾನದ ಒಪ್ಪಿಗೆಯಿದೆ. ನೀರಿನಂಶ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಉಪ್ಪು ಕೆಡಿಸುವ ಜೀವಾಣುಗಳನ್ನು ತಡೆದು, ಹುಳಿ ಹುಟ್ಟಿಸುವ ಜೀವಾಣುಗಳಿಗೆ ನಿಧಾನವಾಗಿ ಜಾಗ ಬಿಡುತ್ತದೆ. ಉಳಿದ ಕಾವಲನ್ನು ಲಿಂಬಿರಸ ನೋಡಿಕೊಳ್ಳುತ್ತದೆ. ಉರಿ ಕೊಡುವ ಕ್ಯಾಪ್ಸೈಸಿನ್ ಹುಟ್ಟುವುದು ಬೀಜ ಅಂಟಿಕೊಂಡ ಬಿಳಿಯ ತಿರುಳಿನಲ್ಲಿ. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಖಾರ ಹತ್ತಿದಾಗ ತಂಬಿಗೆ ನೀರು ಕುಡಿದರೂ ಆರದ ನಾಲಿಗೆ ಬೆಣ್ಣೆಗೆ, ಕೆನೆಮೊಸರಿಗೆ ತಣಿಯುವುದು ಇದಕ್ಕೇ. 2021ರಲ್ಲಿ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಈ ಕ್ಯಾಪ್ಸೈಸಿನ್ನನ್ನೇ ಹಿಡಿದು ಹೊರಟು, ನಮ್ಮ ನರಗಳಲ್ಲಿ ಬಿಸಿಯನ್ನು ಅರಿಯುವ ಗ್ರಾಹಿಯನ್ನು ಕಂಡುಹಿಡಿದರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ಎಚ್ಚರಗೊಳ್ಳುವ ಗ್ರಾಹಿಯದು. ಮೇ ತಿಂಗಳ ಕಲಬುರಗಿಯ ಬಿಸಿಲೂ ಆ ಅಂಕಿಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ನೆತ್ತಿಯ ಮೇಲಿನ ಬಿಸಿಲನ್ನೂ ನಾಲಿಗೆಯ ಮೇಲಿನ ಖಾರವನ್ನೂ ಮೈ ಅರಿಯುವುದು ಒಂದೇ ಬಾಗಿಲಿನಿಂದ.

ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಬಂದದ್ದು. ಹೋದಲ್ಲೆಲ್ಲ ಅದು ಜನರ ಕೈಯಲ್ಲಿ ಉಪ್ಪು ಹಾಕಿ ಅರೆದಿಡುವ ಇದೇ ಕೆಲಸ ಮಾಡಿಸಿಕೊಂಡಿದೆ. ಲೂಸಿಯಾನಾದ ಏವರಿ ದ್ವೀಪದಲ್ಲಿ ಎಡ್ಮಂಡ್ ಮ್ಯಾಕಿಲ್ಹೆನಿ 1868ರಲ್ಲಿ ಟಬಾಸ್ಕೊ ಎಂಬ ಖಾರದ ಸಾಸ್ ತಯಾರಿಸತೊಡಗಿದ. ಹಣ್ಣುಗಾಯನ್ನು ಉಪ್ಪಿನೊಡನೆ ಅರೆದು ಮರದ ಪೀಪಾಯಿಗೆ ತುಂಬಿ, ಮುಚ್ಚಳದ ಮೇಲೆ ಉಪ್ಪಿನ ಪದರ ಹರಡಿ, ವರ್ಷಗಟ್ಟಲೆ ಕಾಯುವುದು ಅಲ್ಲಿಯ ಪದ್ಧತಿ. ಟ್ಯುನೀಶಿಯದ ಹೆಣ್ಣುಮಕ್ಕಳು ಬಳ್ಳೊಳ್ಳಿ, ಉಪ್ಪು ಹಾಕಿ ಅರೆಯುವ ಹರಿಸ್ಸಾವನ್ನು 2022ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಡುಗೆಮನೆಯ ಅರೆಯುವ ಕೆಲಸಕ್ಕೆ ಸಿಕ್ಕ ಈ ಮನ್ನಣೆ ನನಗೆ ತುಂಬ ಸಂತೋಷ ಕೊಟ್ಟಿತು. ನಮ್ಮ ರಂಜಕ ಅದೇ ಬಳಗದ್ದು, ಮನ್ನಣೆಯಲ್ಲೂ ಅದಕ್ಕೆ ಪಾಲಿದೆ.

ನಮ್ಮಲ್ಲಿ ರಂಜಕಕ್ಕೆ ರುಚಿಗಿಂತ ದೊಡ್ಡ ಹೊಣೆಯೊಂದು ಇತ್ತು. ಚಳಿಗಾಲದಲ್ಲಿ ಹೊಲ ತುಂಬಿದಂತೆ ಅಡುಗೆಮನೆಯೂ ತುಂಬಿರುತ್ತದೆ. ಕಡಲೆ ಸೊಪ್ಪು, ಪುಂಡಿಪಲ್ಯ, ಅವರೆ, ಬದನೆ ಯಾವುದಕ್ಕೂ ಬರವಿಲ್ಲ. ಬೇಸಿಗೆಗೆ ಬಾವಿ ತಳ ಕಂಡಾಗ ಕಾಯಿಪಲ್ಯ ಕಾಣೆಯಾಗುತ್ತಿತ್ತು. ಆಗ ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ ಇಲ್ಲವೇ ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ, ಉಗುರಿನಷ್ಟು ರಂಜಕ, ಇಷ್ಟರಲ್ಲೇ ಹೊಲದಾಳಿನ ಊಟ ಮುಗಿಯುತ್ತಿತ್ತು. 1972ರ ಬರವನ್ನು ಕಂಡ ಹಿರಿಯರು ರೊಟ್ಟಿ-ಖಾರದ ಮೇಲೆ ದಿನ ದೂಡಿದ್ದನ್ನು ಇಂದಿಗೂ ಹೇಳುತ್ತಾರೆ. ಮನೆಯ ಹೆಣ್ಣುಮಗಳು ತುಂಬಿದ ಕಾಲದಲ್ಲೇ ಬರಿದಾಗುವ ಕಾಲವನ್ನು ನೆನೆದು ಬರಣಿ ತುಂಬಿಸುತ್ತಿದ್ದಳು. ಅವಳ ಕೈಯ ಅಳತೆಯಲ್ಲಿ ಮನೆಯವರ ಹಸಿವಷ್ಟೇ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಬೀಗರ, ನೆರೆಮನೆಯ ಬಾಣಂತನ ಮುಗಿಸಿದ ಸೊಸೆಯ ಪಾಲೂ ಇರುತ್ತಿತ್ತು.

ಈಗ ಎಲ್ಲ ಕಾಲಕ್ಕೂ ಎಲ್ಲ ಕಾಯಿಪಲ್ಯ ಸಿಗುತ್ತದೆ. ಕಲಬುರಗಿಯ ಅಂಗಡಿಗಳಲ್ಲಿ ಮಹಿಳಾ ಸಂಘಗಳು ಮಾಡಿದ ರೊಟ್ಟಿ, ಹಿಂಡಿ, ಖಾರ ದೊರೆಯುತ್ತವೆ. ಆ ದುಡಿಮೆಯಿಂದ ಎಷ್ಟೋ ಮನೆಯ ಒಲೆ ಉರಿಯುತ್ತಿದೆ. ಅದನ್ನು ನಾನು ಗೌರವದಿಂದ ಕೊಳ್ಳುತ್ತೇನೆ. ಆದರೂ ವರ್ಷಕ್ಕೊಮ್ಮೆ ಮನೆಯಲ್ಲಿ ರಂಜಕ ಅರೆಯಲೇಬೇಕೆಂದು ನಂಬಿದ್ದೇನೆ. ಕೊಂಡು ತಂದ ಸೀಸೆ ಇಂದಿನ ಊಟದ ಮಾತು. ಮನೆಯ ಬರಣಿ ಬರುವ ಬೇಸಿಗೆಯ ಮಾತು. ಅದನ್ನು ತುಂಬಿಸುವಾಗ ಮನೆಮಂದಿಯೆಲ್ಲ ಕೂತು ನಾಲ್ಕು ತಿಂಗಳು ಮುಂದಿನದನ್ನು ಯೋಚಿಸುತ್ತಾರೆ, ಯಾರಿಗೆ ಎಷ್ಟು ಕೊಡಬೇಕೆಂದು ಮಾತಾಡಿಕೊಳ್ಳುತ್ತಾರೆ. ಇಂಥ ಯೋಚನೆಯ ರೂಢಿ ಬಿಟ್ಟುಹೋದರೆ ಮತ್ತೆ ಕಲಿಸಲು ಯಾವ ಶಾಲೆಯೂ ಇಲ್ಲ.

ಮಿಕ್ಸರ್ ಇದ್ದರೂ ಆದೀತು, ಒಳ್ಳೇ ಬೇಕೆಂದಿಲ್ಲ. ಬರುವ ಪುಷ್ಯದಲ್ಲಿ ಒಂದು ಕಿಲೋ ಹಣ್ಣುಗಾಯಿ ತನ್ನಿ. ತೊಟ್ಟು ಬಿಡಿಸಲು ಹೆಣ್ಣುಮಕ್ಕಳ ಜೊತೆ ಗಂಡುಮಕ್ಕಳನ್ನೂ ಕೂರಿಸಿ. ಮೊದಲ ಬಟ್ಟಲನ್ನು ನೆರೆಮನೆಗೆ ಕೊಟ್ಟು, ಉಳಿದದ್ದನ್ನು ಬೇಸಿಗೆಗೆ ಎತ್ತಿಡಿ.