ಕೆಪ್ಲರನ ಪ್ರತಿ

ಹಳೆಯ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಅಚ್ಚಾದದ್ದನ್ನಲ್ಲ, ಕೈಯಲ್ಲಿ ಬರೆದದ್ದನ್ನು. ಮೊದಲ ಪುಟದ ಸಹಿ, ಸಾಲಿನಡಿಯ ಗೆರೆ, ಅಂಚಿನಲ್ಲಿ ಯಾರೋ ಗೀಚಿದ ತಕರಾರು, ಇವನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈ ಗೀಳು ಹತ್ತಿದವರು ಮರೆಯಲಾಗದ ಒಂದು ಪ್ರತಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಕೊಪರ್ನಿಕಸನ ಗ್ರಂಥ, 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದದ್ದು. ಒಂದು ಕಾಲಕ್ಕೆ ಅದು ಯೊಹಾನೆಸ್ ಕೆಪ್ಲರನದಾಗಿತ್ತು.

ಕೆಪ್ಲರನಿಗೂ ಅದು ಸೆಕೆಂಡ್ ಹ್ಯಾಂಡ್ ಪುಸ್ತಕವೇ. ಮುದ್ರಕ ಪೆಟ್ರೇಯಸ್ ಅದನ್ನು ಮೊದಲು ಕಾಣಿಕೆ ಕೊಟ್ಟದ್ದು ಅದೇ ಊರಿನ ಗಣಿತಜ್ಞ ಹಿರೋನಿಮಸ್ ಶ್ರೈಬರನಿಗೆ. ಈ ಶ್ರೈಬರನ ಮೇಲೆ ನನಗೆ ವಿಶೇಷ ಅಕ್ಕರೆ. ಗ್ರಂಥದ ಆರಂಭದಲ್ಲಿ ಓದುಗರನ್ನು ಉದ್ದೇಶಿಸಿದ ಒಂದು ಮುನ್ನುಡಿಯಿದೆ, ಬರೆದವರ ಹೆಸರಿಲ್ಲ. ಇಲ್ಲಿರುವ ಊಹೆಗಳು ನಿಜವೇ ಆಗಬೇಕಿಲ್ಲ, ಲೆಕ್ಕಕ್ಕೆ ಹೊಂದಿದರೆ ಸಾಕು ಎಂಬುದು ಅದರ ಸಾರ. ಭೂಮಿ ನಿಜಕ್ಕೂ ಚಲಿಸುತ್ತದೆಂದು ದಶಕಗಟ್ಟಲೆ ದುಡಿದು ಬರೆದವನ ಪುಸ್ತಕದ ಹೊಸ್ತಿಲಲ್ಲೇ ಇಂಥ ಮಾತು! ಎಷ್ಟೋ ಓದುಗರು ಅದನ್ನು ಕೊಪರ್ನಿಕಸನದೇ ಎಂದು ನಂಬಿದರು. ಅಲ್ಲವೆನ್ನಲು ಅವನಿರಲಿಲ್ಲ, ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಿದ್ದ.

ಶ್ರೈಬರನಿಗೆ ಒಳಗಿನ ಸಂಗತಿ ಗೊತ್ತಿತ್ತು. ಆ ಮುನ್ನುಡಿಯ ಮೇಲ್ಗಡೆ ಶಾಯಿಯಲ್ಲಿ ಒಂದು ಹೆಸರು ಬರೆದಿಟ್ಟ: ಆಂಡ್ರಿಯಾಸ್ ಓಸಿಯಾಂಡರ್. ಪುಸ್ತಕದ ಮುದ್ರಣದ ಉಸ್ತುವಾರಿ ನೋಡಿಕೊಂಡಿದ್ದ ಲೂಥರನ್ ಪಾದ್ರಿ ಆತ. ಶ್ರೈಬರ್ ಇನ್ನು ನಾಲ್ಕೇ ವರ್ಷದಲ್ಲಿ ಸತ್ತ, ಬರಹ ಉಳಿಯಿತು. ಅದು ಕೆಪ್ಲರನ ಕಣ್ಣಿಗೆ ಬಿತ್ತು. 1609ರಲ್ಲಿ ತನ್ನ 'ಅಸ್ಟ್ರೊನೋಮಿಯಾ ನೋವಾ' ಹೊರತಂದಾಗ ಕೆಪ್ಲರ್ ಶೀರ್ಷಿಕೆ ಪುಟದ ಬೆನ್ನಿಗೇ ಈ ವಿಷಯವನ್ನು ಅಚ್ಚು ಹಾಕಿಸಿದ, ನನ್ನ ಪ್ರತಿಯಲ್ಲಿ ಶ್ರೈಬರ್ ಗುರುತು ಮಾಡಿದ್ದಾನೆಂದು ಸಾಕ್ಷಿಯನ್ನೂ ಹೆಸರಿಸಿ. ಕೊಪರ್ನಿಕಸನ ಮೇಲಿನ ಅಪವಾದ ಹೀಗೆ, 66 ವರ್ಷದ ಮೇಲೆ, ಒಬ್ಬ ಓದುಗನ ಕೈಬರಹದ ಬಲದಿಂದ ಬಹಿರಂಗವಾಗಿ ಕಳೆಯಿತು.

ಈ ಗ್ರಂಥವನ್ನು ಯಾರೂ ಓದಲೇ ಇಲ್ಲ ಎಂದು ಆರ್ಥರ್ ಕೋಸ್ಲರ್ 1959ರಲ್ಲಿ ಬರೆದಿದ್ದರು. ಖಗೋಳ ವಿಜ್ಞಾನಿ ಓವೆನ್ ಗಿಂಗರಿಚ್ ಊರೂರು ಅಲೆದು ಸುಮಾರು 600 ಪ್ರತಿಗಳ ಅಂಚುಗಳನ್ನು ಪರೀಕ್ಷಿಸಿ ಅದು ಸುಳ್ಳೆಂದು ತೋರಿಸಿದರು. ಎಂಥ ಪುಣ್ಯದ ಕೆಲಸ! ಫ್ಲಾರೆನ್ಸಿನಲ್ಲಿರುವ ಗೆಲಿಲಿಯೋನ ಪ್ರತಿಯೂ ಅವರ ಪಟ್ಟಿಯಲ್ಲಿದೆ. 1620ರಲ್ಲಿ ಚರ್ಚು ವಿಧಿಸಿದ ತಿದ್ದುಪಡಿಗಳನ್ನು ಗೆಲಿಲಿಯೋ ಅದರಲ್ಲಿ ಮಾಡಿದ್ದೇನೋ ಹೌದು, ಆದರೆ ಎಷ್ಟು ತೆಳುವಾಗಿ ಗೆರೆ ಎಳೆದಿದ್ದಾನೆಂದರೆ, ಹೊಡೆದುಹಾಕಿದ ಮಾತುಗಳನ್ನು ಇವತ್ತಿಗೂ ಸಲೀಸಾಗಿ ಓದಬಹುದು.